ಹೊಸ ಗಾಡಿಯ ಚಕ್ರದಲ್ಲಿ ಕೆಂಪು ಮಣ್ಣು

ಮಧ್ಯಾಹ್ನದ ಬಿಸಿಲಿನಲ್ಲಿ ತ್ರಿವಿಕ್ರಮ ಆಟೋದಿಂದ ಇಳಿದು, ದೊಡ್ಡದೊಂದು ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಗೇಟು ತೆಗೆಯಲು ಪರದಾಡುತ್ತಿದ್ದಾಗ ಕೃಷ್ಣವೇಣಿ ಮೇಲೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವಳು ಮೊದಲು ನೋಡಿದ್ದು ಗಂಡನ ಮುಖವನ್ನಲ್ಲ, ಪೆಟ್ಟಿಗೆಗೆ ಸುತ್ತಿದ್ದ ಟೇಪನ್ನು. ಕಂಪನಿಯ ಹೆಸರು ಅಚ್ಚಾಗಿದ್ದ ಟೇಪಿನ ಮೇಲೆ ಬರಿಯ ಕಂದು ಬಣ್ಣದ ಇನ್ನೊಂದು ಟೇಪು ಇತ್ತು.

ಗಂಡ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವಳು ಬಾಗಿಲಲ್ಲೇ ನಿಂತಿದ್ದಳು.

"ಏನ್ರೀ ಅದು?"

"ಗಾಡಿ."

"ಯಾವ ಗಾಡಿ?"

"ರಿಮೋಟ್ ಗಾಡಿ ಕಣೇ. ಜೀಪ್ ಥರ ಇದೆ."

"ಯಾರಿಗೆ?"

"ನನಗೆ," ಎಂದ ತ್ರಿವಿಕ್ರಮ. ಅರವತ್ತೈದು ದಾಟಿದವನು ಹಾಗೆ ಹೇಳುವಾಗ ಸ್ವಲ್ಪವಾದರೂ ನಾಚಬೇಕಿತ್ತು ಅನ್ನಿಸಿತು ಅವಳಿಗೆ. ಅವನು ನಾಚಲಿಲ್ಲ. ಹೆಂಡತಿಯ ಕಣ್ಣು ತಪ್ಪಿಸಿ ನೇರ ಊಟದ ಮೇಜಿನ ಕಡೆ ನಡೆದ. ಕೃಷ್ಣವೇಣಿಗೆ ಅನುಮಾನ ಹುಟ್ಟಲು ಅಷ್ಟು ಸಾಕಿತ್ತು.

ಬಾಗಲಗುಂಟೆಯ ಆ ಬೀದಿಯಲ್ಲಿ ಅವಳ ಕಣ್ಣಿಗೆ ಹೆದರದವರಿಲ್ಲ. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗಕ್ಕೆ ಮದುವೆಗೆ ಮುಂಚೆ ಸೇರಿದವಳು ನಿವೃತ್ತಿಯಾಗುವ ತನಕ ಅಲ್ಲೇ, ಅದೇ ಕುರ್ಚಿಯಲ್ಲಿ ಕೂತಿದ್ದಳು. ಮುಂದೆ ಕತ್ತು ಬಗ್ಗಿಸಿದ ದೀಪ, ಕಣ್ಣಿಗೆ ಭೂತಗನ್ನಡಿ, ತಟ್ಟೆಯ ತುಂಬ ಅವರೆಕಾಳಿಗಿಂತ ಚಿಕ್ಕ ಬಿಡಿಭಾಗಗಳು. ಒಂದೊಂದನ್ನೂ ಎತ್ತಿ, ತಿರುಗಿಸಿ ನೋಡಿ, ಸರಿಯಿದ್ದರೆ ಬಲಗಡೆ, ಇಲ್ಲದಿದ್ದರೆ ಎಡಗಡೆ ಇಡುವುದು ಅವಳ ಕೆಲಸ. ಎಡಗಡೆ ಹೋದದ್ದು ಮತ್ತೆ ಬಲಗಡೆಗೆ ಬಂದದ್ದಿಲ್ಲ. ಒಮ್ಮೆ ಅಶ್ವತ್ಥ್ ಎಂಬ ಸೂಪರ್‌ವೈಸರು ಪಕ್ಕದಲ್ಲಿ ಬಂದು ನಿಂತು, "ಇದೊಂದು ಲಾಟ್ ಬಿಟ್ಬಿಡಿ ಮೇಡಂ, ಮೇಲಿಂದ ಒತ್ತಡ ಇದೆ" ಎಂದು ಅಂಗಲಾಚಿದ್ದ. ಅವಳು ತಲೆ ಎತ್ತದೆ ಇಡೀ ತಟ್ಟೆಯನ್ನು ಎಡಗಡೆಗೆ ಸರಿಸಿದ್ದಳು.

ತ್ರಿವಿಕ್ರಮ ಅದೇ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿದ್ದ. ಕಂಪ್ಯೂಟರು ಬರುವುದಕ್ಕೆ ಮುಂಚಿನ ಕಾಲ. ಸ್ಕೇಲು ಮುಟ್ಟದೆ ಬರಿಗೈಯಲ್ಲಿ ಅವನೆಳೆದ ಗೆರೆ ನೆಟ್ಟಗಿರುತ್ತಿತ್ತು. ಅವನ ಅಕ್ಷರಗಳನ್ನು ನೋಡಿ ಅಚ್ಚಿನದು ಎಂದುಕೊಂಡವರಿದ್ದರು. ಅಂಥವನ ನಕ್ಷೆಯೊಂದರಲ್ಲಿ ಅಳತೆ ತಪ್ಪಿದೆ ಎಂದು ಕೆಳಗಿನ ಮಹಡಿಯಿಂದ ಯಾರೋ ಹುಡುಗಿ ವಾಪಸು ಕಳಿಸಿದಾಗ, ಯಾರವಳು ನೋಡೋಣ ಎಂದು ಇಳಿದು ಬಂದ. ಮದುವೆ ಆದದ್ದು ಹಾಗೆ.

ನಿವೃತ್ತಿಯಾದ ಮೇಲೆ ಕೃಷ್ಣವೇಣಿಯ ಕಣ್ಣಿಗೆ ಕೆಲಸ ತಪ್ಪಿತು. ಅದು ತಾನೇ ಕೆಲಸ ಹುಡುಕಿಕೊಂಡಿತು. ಗ್ಯಾಸ್ ಸಿಲಿಂಡರಿನ ಸೀಲು, ಕೊತ್ತಂಬರಿ ಕಟ್ಟಿನ ಒಳಭಾಗ, ಮಾತ್ರೆಯ ಹಾಳೆಯ ಹಿಂದಿನ ತಾರೀಖು, ಇದ್ದಕ್ಕಿದ್ದಂತೆ ನಯವಾಗಿ ಮಾತಾಡುವ ಪಕ್ಕದ ಮನೆಯವರು, ಯಾವುದನ್ನೂ ಅವಳು ಹಾಗೇ ಒಪ್ಪಿಕೊಳ್ಳುತ್ತಿರಲಿಲ್ಲ. ಅಮೃತಹಳ್ಳಿಯಲ್ಲಿರುವ ಮಗಳು ಶರ್ವಾಣಿ ಫೋನು ಮಾಡಿದರೆ, "ಅಪ್ಪಾ, ಪೊಲೀಸ್‌ನೋರು ಮನೇಲಿದಾರಾ?" ಎಂದೇ ಕೇಳುತ್ತಿದ್ದಳು.

ಈಗ ಆ ಪೆಟ್ಟಿಗೆ ಊಟದ ಮೇಜಿನ ಮೇಲೆ ಕೂತಿತ್ತು.

"ಇದನ್ನ ಯಾರೋ ಒಂದ್ಸಲ ಬಿಚ್ಚಿದಾರೆ," ಎಂದಳು ಕೃಷ್ಣವೇಣಿ.

"ಅಂಗಡಿಯವನು ತೋರಿಸೋಕೆ ಬಿಚ್ಚಿರ್ತಾನೆ ಬಿಡು. ಇದರಲ್ಲಿ ಜೋಡಿಸೋ ಕೆಲಸ ಏನೂ ಇಲ್ಲ ವೇಣಿ, ಎಲ್ಲಾ ರೆಡಿ. ಬ್ಯಾಟರಿ ಹಾಕಿದ್ರೆ ಸೀದಾ ಓಡತ್ತೆ. ನಾಳೆ ಬೆಳಿಗ್ಗೆ ಇಬ್ರೂ ಮೈದಾನಕ್ಕೆ ಹೋಗಿ ಓಡಿಸ್ಕೊಂಡು ಬರೋಣ."

"ಇಬ್ರೂನಾ? ನಾನ್ಯಾಕೆ?"

"ಸುಮ್ನೆ. ಬಾ ಅಂತ."

ಎಲ್ಲಾ ರೆಡಿ ಅನ್ನುವ ಮಾತನ್ನು ಅವಳು ಕಾರ್ಖಾನೆಯಲ್ಲಿ ಬೇಕಾದಷ್ಟು ಸಲ ಕೇಳಿದ್ದಳು. ಕಿಟಕಿಯ ಹತ್ತಿರ ಹಳೆಯ ಪಂಚೆಯೊಂದನ್ನು ಹಾಸಿ, ಭೂತಗನ್ನಡಿ ತಂದು, ಗಾಡಿಯನ್ನು ಎತ್ತಿ ಅದರ ಮೇಲಿಟ್ಟಳು. ಹಸಿರು ಮೈ, ದಪ್ಪ ದಪ್ಪ ಚಕ್ರ, ಅಡಿಯಲ್ಲಿ ಸ್ಪ್ರಿಂಗುಗಳು. ನೋಡಲು ಚೆನ್ನಾಗಿಯೇ ಇತ್ತು. ಆಟದ ಸಾಮಾನಿನ ಹಗುರ ಅದಕ್ಕಿರಲಿಲ್ಲ. ಎರಡು ಕೈಯಲ್ಲಿ ಎತ್ತಿದರೆ ಕುಂಬಳಕಾಯಿಯಷ್ಟು ತೂಕ ಸಿಗುತ್ತಿತ್ತು.

ಅವಳು ಗಾಡಿಯನ್ನು ಅಂಗಾತ ಮಲಗಿಸಿದಳು. ಹೊಟ್ಟೆಯ ಮೇಲೆ ಸಣ್ಣ ಗೀರುಗಳಿದ್ದವು. ಅಲ್ಲಿಂದ ಒಂದೊಂದೇ ಸ್ಕ್ರೂವಿನ ತಲೆ ನೋಡುತ್ತ ಬಂದಳು. ಎಲ್ಲವೂ ಕರ್ರಗಿದ್ದವು. ಮುಂದಿನ ಎಡಚಕ್ರದ ಬಳಿಯವು ಮಾತ್ರ ಕಪ್ಪು ಹೋಗಿ ಬೆಳ್ಳಗೆ ಹೊಳೆಯುತ್ತಿದ್ದವು. ಸ್ಕ್ರೂಡ್ರೈವರು ಜಾರಿ ಕೆರೆದ ಗುರುತು ಅದು. ಆ ಚಕ್ರವನ್ನು ಹಿಡಿದುಕೊಂಡ ಪ್ಲಾಸ್ಟಿಕ್ಕಿನ ತೋಳು ಉಳಿದ ಮೂರಕ್ಕಿಂತ ಹೊಸದಾಗಿ, ಎಣ್ಣೆ ಸವರಿದಂತೆ ಕಾಣುತ್ತಿತ್ತು. ಟೈರಿನ ಒಳಮಗ್ಗುಲಿನ ಸಂದಿಗೆ ಉಗುರು ತೂರಿಸಿ ಮೀಟಿದಳು. ಒಣಗಿದ ಕೆಂಪು ಮಣ್ಣಿನ ಒಂದು ಚೂರು ಬಿಳಿಯ ಪಂಚೆಯ ಮೇಲೆ ಬಿತ್ತು.

"ರೀ, ಇಲ್ಲಿ ಬನ್ನಿ."

ತ್ರಿವಿಕ್ರಮ ಬಂದು ನೋಡಿದ.

"ಹೊಸ ಗಾಡೀಲಿ ಮಣ್ಣು ಎಲ್ಲಿಂದ ಬಂತು?"

"ಕಾರ್ಖಾನೇಲಿ ಓಡಿಸಿ ಟೆಸ್ಟ್ ಮಾಡಿರ್ತಾರೆ."

"ಆ ಪರದೇಶದ ಕಾರ್ಖಾನೇಲಿ ನಮ್ಮ ಬಾಗಲಗುಂಟೆ ಮಣ್ಣಿತ್ತಾ? ಯಾರೋ ತಗೊಂಡು ಓಡಿಸಿ, ಮುರಿದು, ವಾಪಸ್ ಕೊಟ್ಟಿದ್ದನ್ನ ನಿಮ್ಮ ತಲೆಗೆ ಕಟ್ಟಿದಾನೆ ಆ ಅಂಗಡಿಯವನು. ನಾಳೆ ಹೋಗಿ ಮುಖದ ಮೇಲೆ ಎಸೆದು ಬರೋಣ."

"ಬಿಡೇ. ಖಾದರ್ ಬಾಷಾ ಅಂಥೋನಲ್ಲ. ಒಳ್ಳೇ ಮನುಷ್ಯ."

ಅವಳು ಭೂತಗನ್ನಡಿ ಕೆಳಗಿಟ್ಟಳು. ಮೋಸ ಹೋದವನಿಗೆ ಸಿಟ್ಟು ಬರಬೇಕು. ಇವನಿಗೆ ಬಂದಿಲ್ಲ. ಇವತ್ತು ಮೊದಲ ಸಲ ಕಂಡ ಅಂಗಡಿಯವನ ಹೆಸರು ಇವನಿಗೆ ಹೇಗೆ ಗೊತ್ತು? ಗುಣ ಹೇಗೆ ಗೊತ್ತು?

ಆಮೇಲೆ ಅವಳು ಗಾಡಿಯನ್ನು ಬಿಟ್ಟು ಗಂಡನನ್ನು ನೋಡತೊಡಗಿದಳು. ಇತ್ತೀಚೆಗೆ ಅವನಲ್ಲಿ ಏನೋ ವ್ಯತ್ಯಾಸ ಇದೆ ಎಂದು ಅವಳಿಗೆ ಅನ್ನಿಸುತ್ತಲೇ ಇತ್ತು. ಚಳಿಗಾಲ ಕಳೆದಾಗಿನಿಂದ ವಾಕಿಂಗ್ ಎಂದು ಹೋದವನು ತಡವಾಗಿ ಬರುತ್ತಿದ್ದ. ಟಾರು ರಸ್ತೆಯಲ್ಲಿ ನಡೆದವನ ಚಪ್ಪಲಿಗೆ ಮಣ್ಣು ಮೆತ್ತಿರುತ್ತಿತ್ತು. ಆಮೇಲೆ ಒಂದು ದಿನ ವಾಕಿಂಗ್ ನಿಂತೇ ಹೋಯಿತು. ಕೇಳಿದರೆ, ಮಂಡಿ ನೋವು ಅಂದ. ಫೋನು ಬಂದರೆ ಟೆರೇಸಿಗೆ ಹೋಗಿ ಮಾತಾಡುತ್ತಿದ್ದ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುವುದನ್ನು ಯಾವಾಗ ಕಲಿತ? ಪಾಸ್‌ಬುಕ್ಕಿಗೆ ಸಹಿ ಹಾಕಬೇಕಾದಾಗ, "ಆಮೇಲೆ ಹಾಕ್ತೀನಿ, ಅಲ್ಲಿಡು" ಎಂದು ಬೇರೆ ಕೋಣೆಗೆ ಹೋಗಿದ್ದು ಯಾಕೆ? ಆ ರಾತ್ರಿ ಅವಳು ಇವೆಲ್ಲವನ್ನೂ ಕೂಡಿಸಿ ನೋಡಿದಳು. ಕೂಡಿಸಿದಷ್ಟೂ ಲೆಕ್ಕ ತಾಳೆಯಾಗಲಿಲ್ಲ, ಅನುಮಾನ ಮಾತ್ರ ಬೆಳೆಯಿತು.

ಬೆಳಿಗ್ಗೆ ತಿಂಡಿ ಮುಗಿಸಿ ಇಬ್ಬರೂ ದಾಸರಹಳ್ಳಿಯಿಂದ ಮೆಟ್ರೋ ಹತ್ತಿದರು. ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ಅಂಗಡಿಯವನಿಗೆ ಏನೇನು ಹೇಳಬೇಕು ಅನ್ನುವುದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಸಾಣೆ ಹಿಡಿಯುತ್ತಿದ್ದಳು. ತ್ರಿವಿಕ್ರಮ ಕಿಟಕಿಯಾಚೆ ಪೀಣ್ಯದ ಶೆಡ್ಡುಗಳ ತಗಡಿನ ಮಾಡುಗಳನ್ನು ನೋಡುತ್ತ, "ಇವತ್ತೇ ಹೋಗ್ಬೇಕಾ? ಸೋಮವಾರ ಹೋದ್ರಾಗಲ್ವಾ?" ಎಂದು ಎರಡು ಸಲ ಕೇಳಿದ.

ಯಶವಂತಪುರದ ರೈಲ್ವೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಟೈರ್ ಅಂಗಡಿಯೊಂದರ ಮೇಲೆ, ಕಡಿದಾದ ಮೆಟ್ಟಿಲು ಹತ್ತಿದರೆ ಖಾದರ್ ಬಾಷಾನ ಅಂಗಡಿ. ಗೋಡೆಯ ತುಂಬ ಪುಟ್ಟ ವಿಮಾನ, ದೋಣಿ, ಕಾರುಗಳು ತೂಗುತ್ತಿದ್ದವು. ಐವತ್ತರ ಆಸುಪಾಸಿನ ಖಾದರ್ ಬಾಷಾ ವೈರಿಗೆ ಬೆಸುಗೆ ಹಾಕುತ್ತ ಕೂತಿದ್ದ. ಮೆಟ್ಟಿಲ ಮೇಲೆ ತಲೆ ಕಾಣುತ್ತಿದ್ದಂತೆ ನಗುತ್ತ ಕೂಗಿದ:

"ಬನ್ನಿ ಸಾರ್! ಮತ್ತೆ ಮುರ್ಕೊಂಡ್ರಾ?"

ಹಿಂದೆಯೇ ಪೆಟ್ಟಿಗೆ ಹಿಡಿದು ಹತ್ತಿದ ಕೃಷ್ಣವೇಣಿಯನ್ನು ನೋಡಿ ಅವನ ನಗು ಅರ್ಧಕ್ಕೇ ನಿಂತಿತು.

"ಮತ್ತೆ ಅಂದ್ರೆ?" ಎಂದಳು ಅವಳು.

ಖಾದರ್ ಬಾಷಾ ಬೆಸುಗೆಯ ಕಡ್ಡಿಯನ್ನು ಸ್ಟ್ಯಾಂಡಿನಲ್ಲಿಟ್ಟು ತ್ರಿವಿಕ್ರಮನ ಕಡೆ ನೋಡಿದ. ತ್ರಿವಿಕ್ರಮ ತೂಗುತ್ತಿದ್ದ ವಿಮಾನವೊಂದರ ಕಡೆ ನೋಡಿದ.

"ಮೇಡಂ, ನೀವು ಸಾರ್‌ನೇ ಕೇಳಿ. ಗಿರಾಕಿ ವಿಷಯ ನಾನ್ ಹೇಳ್ಬಾರ್ದು."

"ಆ ಗಿರಾಕಿ ನನ್ನ ಗಂಡ ಕಣ್ರೀ."

"ಅದಕ್ಕೇ ಮೇಡಂ," ಎಂದ ಖಾದರ್ ಬಾಷಾ ಮೆಲ್ಲಗೆ.

ಕೊನೆಗೆ ತ್ರಿವಿಕ್ರಮನೇ ಬಾಯಿ ಬಿಟ್ಟ. ಗಾಡಿ ನಿನ್ನೆ ಕೊಂಡದ್ದಲ್ಲ. ಯುಗಾದಿಗೆ ಮುಂಚೆಯೇ ಕೊಂಡದ್ದು. ಅದನ್ನು ಲೇಔಟಿನ ಕೊನೆಯ ಖಾಲಿ ಮೈದಾನದ ಪಕ್ಕ, ಪರಿಚಯದವರ ಗ್ಯಾರೇಜಿನಲ್ಲಿ ಇಟ್ಟು, ವಾಕಿಂಗ್ ನೆಪದಲ್ಲಿ ಹೋಗಿ ಓಡಿಸುತ್ತಿದ್ದ. ಒಂದು ದಿನ ಅದು ಕಲ್ಲಿಗೆ ಬಡಿದು ತೋಳು ಮುರಿಯಿತು. ಇಲ್ಲಿಗೆ ತಂದು ಕೊಟ್ಟಿದ್ದ.

"ಪೆಟ್ಟಿಗೆಗೆ ಟೇಪ್ ಸುತ್ತಿದ್ದು?"

"ನಾನೇ ಮೇಡಂ. ಹೊಸದರ ಥರ ಕಾಣ್ಬೇಕು ಅಂದ್ರು ಸಾರ್. ಗಾಡೀನ ಚೆನ್ನಾಗಿ ಒರೆಸಿ ಕೊಟ್ಟೆ. ಟೈರ್ ಒಳಗಡೆ ನೋಡ್ತೀರಿ ಅಂತ ಗೊತ್ತಿರ್ಲಿಲ್ಲ."

ತಂದಿದ್ದ ಜಗಳವೆಲ್ಲ ಅವಳ ಗಂಟಲಲ್ಲೇ ಉಳಿಯಿತು. ಖಾದರ್ ಬಾಷಾ ಹುಡುಕಿ ಹುಡುಕಿ ಕುರ್ಚಿಯೊಂದನ್ನು ಖಾಲಿ ಮಾಡಿ, "ಕೂತ್ಕೊಳ್ಳಿ ಮೇಡಂ, ಟೀ ತರಿಸ್ತೀನಿ" ಎಂದ. ಅವಳು ಕೂರಲಿಲ್ಲ. ಅವನನ್ನು ಕಳ್ಳ ಎಂದುಕೊಂಡು ಬಂದಿದ್ದಳು. ಈಗ ಅವನ ಮುಖ ನೋಡಲು ಸಂಕೋಚವಾಯಿತು. "ಇನ್ನೊಂದ್ಸಲ ಬರ್ತೀವಿ," ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ವಾಪಸು ಬರುವ ಮೆಟ್ರೋದಲ್ಲಿ ಸೀಟು ಸಿಕ್ಕಿತು. ಗೊರಗುಂಟೆಪಾಳ್ಯ ದಾಟಿತು.

"ಯಾಕೆ ಮುಚ್ಚಿಟ್ರಿ?" ಎಂದಳು ಕೊನೆಗೆ.

ತ್ರಿವಿಕ್ರಮ ಪೆಟ್ಟಿಗೆಯ ಮೂಲೆಯನ್ನು ಬೆರಳಲ್ಲಿ ಸವರುತ್ತ ಕೂತಿದ್ದ. "ನಾನು ಮನೆಗೆ ತಂದಿದ್ದು ಯಾವುದಾದ್ರೂ ಒಂದು ಯಾವತ್ತಾದ್ರೂ ನಿನ್ನ ಕೈಲಿ ಪಾಸಾಗಿದೆಯಾ ವೇಣಿ?"

ಅವಳು ತಟ್ಟನೆ ತಿರುಗಿದಳು.

"ಮಿಕ್ಸಿ ತಂದೆ, ವಾಪಸ್ ಕೊಡಿಸಿದೆ. ಗಡಿಯಾರ ತಂದೆ, ಮುಳ್ಳು ಅಲ್ಲಾಡತ್ತೆ ಅಂದೆ. ನಿನ್ನ ಅರವತ್ತಕ್ಕೆ ಸೀರೆ ತಂದೆ, ಅಂಚಲ್ಲಿ ಎಳೆ ಬಿಟ್ಟಿದೆ ಅಂತ ಬೀರೂಲಿಟ್ಟೆ, ಉಡ್ಲೇ ಇಲ್ಲ. ನೀನು ಹೇಳಿದ್ದೆಲ್ಲ ನಿಜಾನೇ, ತಪ್ಪಿತ್ತು. ಆದ್ರೆ ಒಂದು ವಸ್ತೂನಾದ್ರೂ ಸುಮ್ನೆ ಇಷ್ಟಪಡೋಣ ಅನ್ನಿಸ್ತು. ಪರೀಕ್ಷೆ ಇಲ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳೂ ತಿರುಗಿಸಿ ಅನ್ನುತ್ತಿದ್ದಳು. ಆ ಸೀರೆಯ ಎಳೆಯನ್ನು ತಾನು ಯಾವತ್ತೋ ಹೊಲಿದು ಸರಿಪಡಿಸಿದ್ದು, ಉಡಲು ಒಳ್ಳೆಯ ಸಂದರ್ಭಕ್ಕೆ ಕಾಯುತ್ತಿದ್ದದ್ದು ಎಲ್ಲ ನೆನಪಾಯಿತು. ಹೇಳಲಿಲ್ಲ. ಜಾಲಹಳ್ಳಿ ಸ್ಟೇಷನ್ನಿನಲ್ಲಿ ಜನ ಇಳಿದು ಹತ್ತಿದರು. ದಾಸರಹಳ್ಳಿ ಬಂತು.

ಆದರೂ ಅವಳ ಅನುಮಾನ ಪೂರ್ತಿ ಹೋಗಿರಲಿಲ್ಲ. ಬಚ್ಚಿಡಬೇಕೆಂದಿದ್ದರೆ ಗ್ಯಾರೇಜಿನಲ್ಲೇ ಇಡಬಹುದಿತ್ತಲ್ಲ? ಹೊಸದರ ವೇಷ ಹಾಕಿಸಿ ಮನೆಗೆ ತಂದದ್ದು ಯಾಕೆ? ಇಬ್ಬರೂ ಹೋಗೋಣ ಎಂದು ಕರೆದದ್ದು ಯಾಕೆ? ಊಟಕ್ಕೆ ಬಡಿಸುವಾಗ ಕೇಳಿಯೇಬಿಟ್ಟಳು.

ತ್ರಿವಿಕ್ರಮ ಸಾರನ್ನ ಕಲಸುವುದನ್ನು ನಿಲ್ಲಿಸಿದ. "ಅವತ್ತು ಗಾಡಿ ಸುಮ್ನೆ ಕಲ್ಲಿಗೆ ಹೊಡೀಲಿಲ್ಲ ವೇಣಿ."

ಮೈದಾನದ ಅಂಚಿನಲ್ಲಿ ಹಸು ಕಟ್ಟಿಕೊಂಡಿರುವ ದ್ರೌಪದಮ್ಮ ಅನ್ನುವ ಮುದುಕಿ ಇದ್ದಾಳೆ. ಅವತ್ತು ಅವಳು ಹಸುಗಳ ಹತ್ತಿರ ಕೂತು ಸೆಗಣಿ ಬಾಚುತ್ತಿದ್ದಳು. ಗಾಡಿ ಎಂದಿಗಿಂತ ದೂರ ಹೋಗಿತ್ತು. ತಿರುಗಿಸಬೇಕೆಂದು ಇವನು ರಿಮೋಟಿನ ಚಕ್ರ ತಿರುಗಿಸಿದ, ಗಾಡಿ ತಿರುಗಲಿಲ್ಲ. ಬೆರಳು ಬಿಟ್ಟ, ನಿಲ್ಲಲಿಲ್ಲ. ಅದೇ ವೇಗದಲ್ಲಿ ನೇರ ಮುದುಕಿಯ ಕಡೆಗೇ ಹೋಯಿತು. ಅವಳು ಸದ್ದು ಕೇಳಿ ಪಕ್ಕಕ್ಕೆ ಉರುಳಿದ್ದರಿಂದ ಬಚಾವಾದಳು. ಗಾಡಿ ಹಸುಗಳ ಗೂಟದ ಪಕ್ಕದ ಚಪ್ಪಡಿಗೆ ಬಡಿಯಿತು.

"ಎದ್ದು ಕೂತು, 'ಏನ್ ಸಾಮಿ, ಇಂಗಾ ಗಾಡಿ ಬಿಡಾದು? ಕೈಯಾಗೆ ಸಕ್ತಿ ಇಲ್ದಿದ್ರೆ ಮನೇಲಿರ್ಬೇಕು' ಅಂದ್ಲು. ಅವಳು ಬೈದಿದ್ದಕ್ಕೆ ಬೇಜಾರಿಲ್ಲ. ಅವಳು ಹೇಳಿದ್ದು ನಿಜ ಇರ್ಬಹುದು ಅಂತ ಅನ್ನಿಸ್ತು." ಅವನು ಬಲಗೈಯನ್ನು ತಟ್ಟೆಯಿಂದೆತ್ತಿ ಅವಳ ಮುಂದೆ ಹಿಡಿದ. ಬೆರಳ ತುದಿಗಳು ಸಣ್ಣಗೆ, ತೀರ ಸಣ್ಣಗೆ ಅದುರುತ್ತಿದ್ದವು. "ಸ್ವಲ್ಪ ದಿನದಿಂದ ಹೀಗಿದೆ. ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು. ಕಡೇಲಿ ಅನ್ನ ಬಾಯಿಗೆ ಹೋಗ್ತಿರ್ಲಿಲ್ಲ, ನೀನೇ ತಿನ್ನಿಸ್ತಿದ್ದೆ. ನಾನು ಬೆರಳು ಬಿಟ್ಟೆ ಅಂತ ಅಂದ್ಕೊಂಡಿದೀನಿ, ಬೆರಳು ಬಿಟ್ಟೇ ಇಲ್ವೇನೋ. ನನಗೇ ನನ್ನ ಕೈ ಮೇಲೆ ನಂಬಿಕೆ ಇಲ್ಲ. ಇನ್ನೊಂದ್ಸಲ ಓಡಿಸಿ ನೋಡ್ಬೇಕು ಅನ್ನಿಸ್ತು, ಒಬ್ನೇ ಹೋಗೋಕೆ ಧೈರ್ಯ ಬರ್ಲಿಲ್ಲ. ನೀನು ಪಕ್ಕದಲ್ಲಿದ್ರೆ ಆಗತ್ತೇನೋ ಅಂದ್ಕೊಂಡೆ. ಹೊಸದು ಅಂದ್ರೆ ಹಳೇದೇನೂ ಹೇಳ್ಬೇಕಾಗಿರ್ಲಿಲ್ಲ."

ಕೃಷ್ಣವೇಣಿ ಸಾರಿನ ಸೌಟು ಹಿಡಿದೇ ನಿಂತಿದ್ದಳು. ಲೋಟ, ಸಹಿ, ಮಂಡಿ ನೋವು, ಎಲ್ಲವನ್ನೂ ಅವಳು ನೋಡಿದ್ದಳು. ಸರಿಯಾಗಿಯೇ ನೋಡಿದ್ದಳು. ಆದರೆ ಅದರ ಹಿಂದೆ ಏನೋ ಕಳ್ಳತನ ಇದೆ ಎಂದುಕೊಂಡಳೇ ಹೊರತು ಗಂಡ ಹೆದರಿದ್ದಾನೆ ಎಂದು ಒಂದು ಕ್ಷಣಕ್ಕೂ ತೋಚಿರಲಿಲ್ಲ. ಅವಳಿಗೆ ಅಳು ಬಂದಂತಾಯಿತು. ಅತ್ತರೆ ಅವನು ಇನ್ನಷ್ಟು ಕುಗ್ಗುತ್ತಾನೆ ಎಂದು, "ಮೊದ್ಲು ಊಟ ಮಾಡಿ," ಎಂದಳು. "ನೀವು ಕೈ ಮೇಲೆ ಅನುಮಾನ ಪಟ್ಟಿದ್ದಾಯ್ತು. ಗಾಡಿ ಮೇಲೆ ಯಾರು ಪಟ್ರು?"

"ಖಾದರ್ ಬಾಷಾ ನೋಡಿದಾನಲ್ಲ."

"ಅವರು ಮುರಿದಿದ್ದನ್ನ ನೋಡಿದಾರೆ. ಯಾಕೆ ಮುರೀತು ಅಂತ ನೋಡಿದಾರಾ? ನೀವೇ ಹೇಳಿರ್ತೀರಿ, ನನ್ನದೇ ತಪ್ಪು ಅಂತ."

ತ್ರಿವಿಕ್ರಮ ತಲೆಯಾಡಿಸಿದ. ಹಾಗೇ ಹೇಳಿದ್ದ.

ಪೆಟ್ಟಿಗೆಯ ತಳದಲ್ಲಿ, ಮಡಿಕೆ ಕೂಡ ಬಿಚ್ಚದ ಸೂಚನೆಯ ಹಾಳೆ ಇತ್ತು. ಕನ್ನಡಕ ಹಾಕಿಕೊಂಡು ಅವಳು ಮೊದಲ ಸಾಲಿನಿಂದ ಓದತೊಡಗಿದಳು. ಚಕ್ರದ ನಟ್ಟುಗಳು ಬಿಗಿಯಾಗಿವೆಯೇ? ಒಂದು ಸಡಿಲವಿತ್ತು, ಬಿಗಿದಳು. ಬ್ಯಾಟರಿ ಉಬ್ಬಿದೆಯೇ? ಇಲ್ಲ. ವೈರು ಎಲ್ಲಾದರೂ ಗಿಯರಿಗೆ ತಾಕುತ್ತಿದೆಯೇ? ಇಲ್ಲ. ಚಕ್ರಗಳು ನೆಲ ಮುಟ್ಟದ ಹಾಗೆ ಗಾಡಿಯನ್ನು ಎತ್ತರಿಸಿ ಇಡಬೇಕು ಅನ್ನುವ ಸಾಲು ಬಂದಾಗ, ಅಡುಗೆಮನೆಯಿಂದ ಸ್ಟೀಲ್ ಡಬ್ಬವೊಂದನ್ನು ತಂದು ಬೋರಲು ಹಾಕಿ, ಅದರ ಮೇಲೆ ಗಾಡಿಯ ಹೊಟ್ಟೆ ಕೂರಿಸಿದಳು. ನಾಲ್ಕೂ ಚಕ್ರ ಗಾಳಿಯಲ್ಲಿ ನಿಂತವು.

"ಮೊದ್ಲು ರಿಮೋಟ್ ಆನ್ ಮಾಡ್ಬೇಕು, ಆಮೇಲೆ ಗಾಡಿ. ನೀವು ಹೇಗ್ ಮಾಡ್ತಿದ್ರಿ?"

"ಹಾಗೇ. ಖಾದರ್ ಹೇಳ್ಕೊಟ್ಟಿದ್ದ."

ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳು ಎಡಕ್ಕೆ, ಬಲಕ್ಕೆ ಸರಿಯಾಗಿ ತಿರುಗಿದವು. ಗುಂಡಿ ಒತ್ತಿದರೆ ಹಿಂದಿನವು ಓಡಿದವು, ಬಿಟ್ಟರೆ ನಿಂತವು. ತ್ರಿವಿಕ್ರಮ ಪ್ರತಿಯೊಂದಕ್ಕೂ ನಿಟ್ಟುಸಿರು ಬಿಡುತ್ತಿದ್ದ. ಗಾಡಿ ಸರಿಯಿದ್ದಷ್ಟೂ ತಪ್ಪು ಅವನ ಕೈಯದೇ ಆಗುತ್ತಿತ್ತು.

ಅವಳು ಹಾಳೆಯ ಮುಂದಿನ ಸಾಲನ್ನು ಎರಡು ಸಲ ಓದಿದಳು. ರಿಮೋಟಿನ ಸಂಪರ್ಕ ತಪ್ಪಿದರೆ ಗಾಡಿ ತಾನಾಗಿ ನಿಲ್ಲಬೇಕು, ಮೊದಲ ಓಟಕ್ಕೆ ಮುಂಚೆ ಇದನ್ನು ತಪ್ಪದೆ ಪರೀಕ್ಷಿಸಿ ಎಂದಿತ್ತು.

"ಇದನ್ನ ಮಾಡಿದ್ರಾ?"

"ಅದೇನದು?"

"ಸ್ವಲ್ಪ ಗುಂಡಿ ಒತ್ತಿ ಹಿಡ್ಕೊಳ್ಳಿ."

ತ್ರಿವಿಕ್ರಮ ಒತ್ತಿ ಹಿಡಿದ. ಚಕ್ರಗಳು ಗುಂಯ್ ಎಂದು ತಿರುಗುತ್ತಿದ್ದವು. ಅವಳು ಕೈ ಚಾಚಿ ರಿಮೋಟನ್ನು ಆಫ್ ಮಾಡಿದಳು. ದೀಪ ಆರಿತು.

ಚಕ್ರಗಳು ತಿರುಗುತ್ತಲೇ ಇದ್ದವು.

"ಬೆರಳು ತೆಗೀರಿ," ಎಂದಳು.

ಅವನು ಬೆರಳು ತೆಗೆದ. ರಿಮೋಟನ್ನೇ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಡಬ್ಬದ ಮೇಲೆ ಗಾಡಿ ಅದೇ ವೇಗದಲ್ಲಿ, ಯಾರ ಹಂಗೂ ಇಲ್ಲದೆ ಓಡುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಕೊನೆಗೆ ಅವಳೇ ಗಾಡಿಯ ಸ್ವಿಚ್ಚು ಆಫ್ ಮಾಡಿದಳು.

"ವೇಣಿ," ಎಂದ ತ್ರಿವಿಕ್ರಮ. "ಅವತ್ತೂ ಹಿಂಗೇ ಹೋಯ್ತು. ಥೇಟ್ ಹಿಂಗೇ."

ಆದರೆ ಅಷ್ಟಕ್ಕೇ ಅವಳಿಗೆ ಸಮಾಧಾನವಾಗಲಿಲ್ಲ. ಅವತ್ತು ರಿಮೋಟ್ ಆಫ್ ಆಗಿರಲಿಲ್ಲವಲ್ಲ. ಸಂಪರ್ಕ ಯಾಕೆ ತಪ್ಪಿತು? ಹಸಿರು ಮೈಯನ್ನು ಕಳಚಿ, ರಿಮೋಟಿನ ಸಂಕೇತ ಹಿಡಿಯುವ ಒಳಗಿನ ಚಿಕ್ಕ ಡಬ್ಬಿಯಿಂದ ಹೊರಟ ಕೂದಲೆಳೆಯಂಥ ಆಂಟೆನಾ ತಂತಿಯ ಜಾಡು ಹಿಡಿದು ಭೂತಗನ್ನಡಿ ನಡೆಸಿದಳು. ಅದು ನೆಟ್ಟಗೆ ಕೊಳವೆಯೊಳಗೆ ನಿಲ್ಲಬೇಕು. ನಿಂತಿರಲಿಲ್ಲ. ಡಬ್ಬಿಯ ಮುಚ್ಚಳದ ಕೆಳಗೆ ಸಿಕ್ಕಿಕೊಂಡು, ಮುಚ್ಚಳದ ಅಂಚಿಗೆ ಜಜ್ಜಿ, ಒಳಗಿನ ತಾಮ್ರ ಕಡಿದುಹೋಗಿತ್ತು. ಹತ್ತಿರವಿದ್ದಾಗ ಗಾಡಿ ಹೇಳಿದ ಮಾತು ಕೇಳುತ್ತಿತ್ತು. ದೂರ ಹೋದರೆ ಅದಕ್ಕೆ ಏನೂ ಕೇಳಿಸುತ್ತಿರಲಿಲ್ಲ. ಮುಚ್ಚಳದ ಸ್ಕ್ರೂಗಳು ಅಚ್ಚ ಕಪ್ಪಗಿದ್ದವು. ಅದನ್ನು ಖಾದರ್ ಬಾಷಾ ಬಿಚ್ಚಿರಲಿಲ್ಲ, ಯಾರೂ ಬಿಚ್ಚಿರಲಿಲ್ಲ. ಆ ತಂತಿ ಹುಟ್ಟಿದಾಗಿನಿಂದ ಹಾಗೇ ಇತ್ತು.

ತ್ರಿವಿಕ್ರಮ ಕುರ್ಚಿಯಲ್ಲಿ ಕೂತು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡ. ಅವಳು ಅವನ ಪಕ್ಕದಲ್ಲಿ ಕೂತಳು.

"ನನ್ನ ಕೈ ಸರಿ ಇದೆ ಅಂತೀಯಾ?"

"ಗಾಡಿ ತಪ್ಪು ಅಂತ ಮಾತ್ರ ಹೇಳ್ತೀನಿ," ಎಂದಳು ಕೃಷ್ಣವೇಣಿ. "ಕೈ ವಿಷಯ ಡಾಕ್ಟರ್ ಹೇಳ್ಲಿ."

ಸಂಜೆ ಅವಳೇ ಖಾದರ್ ಬಾಷಾನಿಗೆ ವಿಡಿಯೋ ಕಾಲ್ ಮಾಡಿ, ಡಬ್ಬದ ಮೇಲೆ ಓಡುವ ಗಾಡಿಯನ್ನೂ ಕಡಿದ ತಂತಿಯನ್ನೂ ತೋರಿಸಿದಳು. ಅವನು "ಅಯ್ಯೋ ಅಲ್ಲಾ" ಎಂದು ಹಣೆ ಚಚ್ಚಿಕೊಂಡ. "ಅದು ಕಂಪನಿಯಿಂದಾನೇ ಸೆಟ್ ಆಗಿ ಬರತ್ತೆ ಅಂದ್ಕೊಂಡೆ ಮೇಡಂ. ಸಾರ್ ಪಾಪ, ನನ್ನ ಕೈಯೇ ಸರಿ ಇಲ್ಲ ಖಾದರ್ ಅಂತ ಇಲ್ಲಿ ಕೂತು ಎಷ್ಟು ಬೇಜಾರ್ ಮಾಡ್ಕೊಂಡ್ರು ಗೊತ್ತಾ?" ಮಾರನೆಯ ದಿನ ಅವನೇ ಸ್ಕೂಟರಿನಲ್ಲಿ ಬಾಗಲಗುಂಟೆಗೆ ಬಂದು, ಒಳಗಿನ ಡಬ್ಬಿಯನ್ನೇ ಬದಲಾಯಿಸಿ, ಸಂಪರ್ಕ ತಪ್ಪಿದರೆ ನಿಲ್ಲುವಂತೆ ಹೊಂದಿಸಿಕೊಟ್ಟ. ಅವನು ಹೋಗುವಾಗ ಕೃಷ್ಣವೇಣಿ ಗೇಟಿನ ತನಕ ಬಂದು, "ನಿನ್ನೆ ನಿಮ್ಮನ್ನ ಬೈಯೋಕೇ ಅಂತ ಬಂದಿದ್ದೆ" ಎಂದು ಹೇಳಿಬಿಟ್ಟಳು. ಅವನು ಹೆಲ್ಮೆಟ್ ಹಾಕಿಕೊಳ್ಳುತ್ತ ನಕ್ಕ. "ಮುಖ ನೋಡಿದಾಗ್ಲೇ ಗೊತ್ತಾಯ್ತು ಮೇಡಂ."

ಡಾಕ್ಟರು ಕೈ ಚಾಚಿಸಿ, ಮೂಗು ಮುಟ್ಟಿಸಿ, ಕಾಗದದ ಮೇಲೆ ಸುರುಳಿ ಬರೆಸಿ, ಹೆದರುವಂಥದ್ದಲ್ಲ, ವಯಸ್ಸಿಗೆ ಬರುವ ನಡುಕ, ಕಾಫಿ ಕಡಿಮೆ ಮಾಡಿ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಕೃಷ್ಣವೇಣಿ ಅದನ್ನು ನಂಬಲಿಲ್ಲ. ಹೆಬ್ಬಾಳದಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದಳು. ಅವರೂ ಅದನ್ನೇ ಹೇಳಿದರು. ಆಗ ಸ್ವಲ್ಪ ನಂಬಿದಳು.

ಭಾನುವಾರ ಬೆಳಿಗ್ಗೆ ಇಬ್ಬರೂ ಮೈದಾನಕ್ಕೆ ಹೋದರು. ಇವರು ಬರುವುದನ್ನು ದೂರದಿಂದಲೇ ಕಂಡ ದ್ರೌಪದಮ್ಮ ಹಸುಗಳ ಹಗ್ಗ ಬಿಚ್ಚಿ ಚಪ್ಪಡಿಯ ಹಿಂದಕ್ಕೆ ಎಳೆದುಕೊಂಡು ಹೋಗಿ, ಕೈಯಲ್ಲಿ ಕೋಲು ಹಿಡಿದು ನಿಂತಳು.

"ಅಮ್ಮಾ, ಇವತ್ತು ಏನೂ ಆಗಲ್ಲ," ಎಂದು ತ್ರಿವಿಕ್ರಮ ಕೂಗಿದ.

"ಅಂಗಂತ ಯೋಳ್ತೀರ. ನಾನ್ ನೋಡ್ತೀನಿ, ಬಿಡಿ," ಎಂದಳು ಮುದುಕಿ.

ಕೃಷ್ಣವೇಣಿಗೆ ಆ ಉತ್ತರ ಬಹಳ ಹಿಡಿಸಿತು. ಅವಳು ರಿಮೋಟಿನ ಗುಂಡಿ ಒತ್ತಿ ಹಿಡಿದು ಒಂದೇ ಕಡೆ ನಿಂತಳು. ಅವನು ಗಾಡಿಯನ್ನು ಎತ್ತಿಕೊಂಡು ಹೆಜ್ಜೆ ಹೆಜ್ಜೆಯಾಗಿ ದೂರ ಹೋಗುತ್ತ, ಅಲ್ಲಲ್ಲಿ ನಿಂತು ಚಕ್ರ ತಿರುಗುತ್ತದೆಯೇ ಎಂದು ನೋಡಿ ಕೈಯೆತ್ತಿ ತೋರಿಸುತ್ತಿದ್ದ. ಮೈದಾನದ ಆಚೆ ಕೊನೆಯ ತನಕವೂ ಗಾಡಿಗೆ ಕೇಳಿಸುತ್ತಿತ್ತು. ಅವನು ತಿರುಗಿ ಬಂದು ರಿಮೋಟಿಗಾಗಿ ಕೈ ಚಾಚಿದ. ಬೆರಳುಗಳು ಅದುರುತ್ತಿದ್ದವು. ಅವನು ಅದನ್ನು ಮುಚ್ಚಲಿಲ್ಲ.

ಗಾಡಿ ಹೊರಟಿತು. ಕೆಂಪು ದೂಳೆಬ್ಬಿಸುತ್ತ ಹೋಗಿ, ದ್ರೌಪದಮ್ಮನ ಚಪ್ಪಡಿಗೆ ಬಹಳ ಮುಂಚೆಯೇ ಅಗಲವಾದ ತಿರುವು ತೆಗೆದುಕೊಂಡು ವಾಪಸು ಬಂತು. ಇನ್ನೊಂದು ಸುತ್ತು. ಮತ್ತೊಂದು. ಮೂರನೆಯ ತಿರುವಿನಲ್ಲಿ ತ್ರಿವಿಕ್ರಮ ಜೋರಾಗಿ ನಕ್ಕ. ಅವಳು ಗಾಡಿಯನ್ನು ನೋಡುತ್ತಲೇ ಇರಲಿಲ್ಲ, ಅವನ ಹೆಬ್ಬೆರಳನ್ನು ನೋಡುತ್ತಿದ್ದಳು. ಅದು ಅದುರುತ್ತಲೇ ತನ್ನ ಕೆಲಸ ಮಾಡುತ್ತಿತ್ತು.

"ತಗೋ, ನೀನು ಓಡ್ಸು."

"ನನಗೆ ಬರಲ್ಲಪ್ಪ."

"ಬಾರೇ."

ಅವಳು ರಿಮೋಟ್ ತೆಗೆದುಕೊಂಡು ಒತ್ತಿದಳು. ಗಾಡಿ ರಿವರ್ಸಿನಲ್ಲಿ ಬಂದು ನೇರ ಅವಳ ಕಾಲಿಗೇ ಬಡಿದು ನಿಂತಿತು. ಚಪ್ಪಡಿಯ ಹಿಂದಿನಿಂದ ದ್ರೌಪದಮ್ಮ ಕೋಲೆತ್ತಿ, "ಅಮ್ಮಯ್ಯನ ಕೈಗೆ ಕೊಡ್ಬ್ಯಾಡಿ ಸಾಮಿ, ನೀವೇ ಬಿಡಿ!" ಎಂದು ಕೂಗಿದಳು.